ನಾಯಿ ಬಾಯಿಂದ ಬಂದ ಕಿವಿ ಮಷೀನು

ಕೊಟ್ರಬಸಮ್ಮನಿಗೆ ನಾಯಿಯ ಬಾಯಿ ಎಂದರೆ ಮೊದಲಿನಿಂದಲೂ ಹೇಸಿಗೆ. ಅದರಲ್ಲೂ ಮೊಮ್ಮಗಳು ಮೇಘಾ ಸಾಕಿದ ಈ ಪಿಂಟ್ಯಾನ ಬಾಯಿ! ಹರಪನಹಳ್ಳಿಯ ಕೋಳಿ ಅಂಗಡಿಗಳ ಹಿಂದೆ ಕರುಳು ಎಳೆದಾಡಿ ಬಂದು, ಲಿಂಗಪೂಜೆಗೆ ಕೂತವಳ ಸೀರೆಗೆ ಮೂತಿ ಒರೆಸುತ್ತಿತ್ತು.

ಆ ಬೆಳಿಗ್ಗೆ ಅದೇ ಬಾಯಲ್ಲಿ ಅವಳ ಕಿವಿ ಮಷೀನಿತ್ತು.

ತಪ್ಪು ಅವಳದೇ. ಮಷೀನು ಹಾಕುವ ಕಿವಿಗೆ ಎಣ್ಣೆ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದರು. ಆದರೆ ಸೋಮವಾರಕ್ಕೊಮ್ಮೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಕುಡಿದು ಬೆಳೆದ ಕಿವಿ, ಬಿಟ್ಟೀತೆ? ಎಣ್ಣೆ ಹಾಕಿಕೊಂಡು ಅದರ ಮೇಲೇ ಮಷೀನು ಸಿಕ್ಕಿಸುತ್ತಿದ್ದಳು. ರಾತ್ರಿ ತೆಗೆದು ದಿಂಬಿನ ಬದಿ ಇಟ್ಟಿದ್ದಳು; ಎಣ್ಣೆ, ಗುಗ್ಗೆ, ಬೆಳ್ಳುಳ್ಳಿ ಎಲ್ಲ ಕೂಡಿ ನಾಯಿಗೆ ಹಬ್ಬ.

"ಲೇ ಮೇಘಾ! ನಿನ್ನ ನಾಯಿ ನನ್ನ ಕಿವಿ ತಿನ್ನಾಕ ಹತ್ತೈತಿ!"

ಮೇಘಾ ಮಂಚದ ಕೆಳಗೆ ನುಗ್ಗಿ ದವಡೆ ಬಿಡಿಸಿದಳು. ಅಂಗೈಗೆ ಬಿದ್ದ ಮಷೀನಿನ ತುಂಬ ನೊರೆಜೊಲ್ಲು, ಕೂದಲು, ಅಂಟಿದ ಒಂದು ಕೋಳಿಪುಕ್ಕ. ಮುದುಕಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಮೇಘಾ ಅವಳ ಕಿವಿಗೆ ಬಾಯಿಟ್ಟು ಕೂಗಿದಳು: "ತೊಳದ್ರ ಕೆಟ್ಟೋಗ್ತೈತಿ ಅಜ್ಜಿ. ಒರಸ್ತೀನಿ. ಬ್ಯಾಡಾದ್ರ ಇವತ್ತೊಂದಿನ ಬಿಡು."

ಬಿಡುವಂತಿರಲಿಲ್ಲ. ಮೇಘಾಳನ್ನು ನೋಡಲು ಹಲವಾಗಲು ಊರಿನಿಂದ ಗಂಡಿನ ಕಡೆಯವರು ಬರುವ ದಿನ. ಹಿಂದೆ ದೊಡ್ಡ ಮೊಮ್ಮಗಳು ಸುಮಲತಾಳ ಮದುವೆ ಮಾತುಕತೆಯಲ್ಲಿ, ಗಂಡಿನವರು ಕಾಲೇಜು ಬಿಡಿಸುತ್ತೇವೆ ಎಂದದ್ದು ಕೇಳಿಸದೆಯೇ ಕೊಟ್ರಬಸಮ್ಮ ತಲೆಯಾಡಿಸಿದ್ದಳು. "ಅಜ್ಜಿನೇ ಒಪ್ಯಾಳ" ಎಂದುಬಿಟ್ಟರು. ಆ ಹುಡುಗಿ ಇಂದಿಗೂ ಪುಸ್ತಕ ಮುಟ್ಟಿಲ್ಲ.

ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಮಷೀನು ಕಿವಿಗೆ ತುರುಕಿಕೊಂಡಳು. ತಣ್ಣಗೆ, ಲೋಳೆಲೋಳೆ. ಗಬ್ಬೆಂದು ನಾಯಿಬಾಯಿಯ ನಾತ.

ಹನ್ನೊಂದಕ್ಕೆ ಬಂದ ಗಂಡಿನ ತಂದೆ ಗುರುಬಸವರಾಜ, ಮಂಡಕ್ಕಿ ಮೆಲ್ಲುತ್ತಾ ಕೊಟ್ರಬಸಮ್ಮನ ಮಗ, ಮೇಘಾಳ ಅಪ್ಪ ಮರುಳಪ್ಪನ ಕಡೆ ಬಾಗಿದ.

"ಓದು ಇಷ್ಟಕ್ಕ ಸಾಕ್ರಿ. ಹಿರೇರಿಗೆ ಕೇಳಂಗಿಲ್ಲಂತಲ್ರಿ? ತಲಿ ಅಲ್ಲಾಡಿಸಿದ್ರ ಮುಗೀತು!"

ಮರುಳಪ್ಪ ನಗುತ್ತಾ ತಾಯಿಯ ಮುಖ ನೋಡಿ, ತಾನೇ ಮೊದಲು ತಲೆಯಾಡಿಸಿ ತೋರಿಸಿದ. ಕೊಟ್ರಬಸಮ್ಮನ ಕತ್ತು ಅಲುಗಲಿಲ್ಲ.

"ಕೇಳಸ್ತೈತ್ರಿ, ಯಜಮಾನ್ರ. ಹುಡುಗಿ ಡಿಗ್ರಿ ಮುಗಿಸೋತನಕ ನಾ ಹೂಂ ಅನ್ನಂಗಿಲ್ಲ. ಕಾಯಾಕ ಆದ್ರ ಕಾಯ್ರಿ."

"ಯವ್ವಾ!" ಎಂದ ಮರುಳಪ್ಪ.

"ಸುಮ್ನ ಕುಂದ್ರಲೇ."

ಗುರುಬಸವರಾಜ ಟವೆಲ್ ಕೊಡವಿ ಎದ್ದ. ಅವರು ಹೊಸ್ತಿಲು ದಾಟಿದ್ದೇ ತಡ, ಕೊಟ್ರಬಸಮ್ಮ ಮಷೀನನ್ನು ಎರಡು ಬೆರಳಲ್ಲಿ ಕಿತ್ತು ಮೇಘಾಳ ಕೈಗೆ ಹಾಕಿ, ಬಚ್ಚಲಿಗೆ ಓಡಿ, ಕಿವಿಗೆ ಮೂರು ಸಲ ಸೋಪು ಹಚ್ಚಿ ಉಜ್ಜಿದಳು. ಆ ನಾತ ಹೋಗಲೇ ಇಲ್ಲ.