ರಾಹುಕಾಲದ ಫ್ಯಾಕ್ಸು

ಮಿಷನ್ನಿನ ಪುಟ್ಟ ಪರದೆಯ ಮೇಲೆ ದಾವಣಗೆರೆಯ ನಂಬರು ಮೂಡಿದಾಗ ಮಧುರಾ ಕೈಯಲ್ಲಿದ್ದ ಗೋಂದಿನ ಬಾಟಲಿ ಸಮೇತ ಎದ್ದು ನಿಂತಳು. ಒಳಗೆ ಗುರ್ ಎಂದು ಸದ್ದಾಯಿತು, ನಿಂತಿತು. ಕಾಗದ ಹೊರಗೆ ಬರಲಿಲ್ಲ. ಬರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಅವತ್ತು ಶುಕ್ರವಾರ, ಹತ್ತೂವರೆ ಈಗಷ್ಟೇ ದಾಟಿತ್ತು. ರಾಹುಕಾಲ ಮುಗಿಯುವ ತನಕ ಬಂದ ಫ್ಯಾಕ್ಸೆಲ್ಲ ಮಿಷನ್ನಿನ ಹೊಟ್ಟೆಯಲ್ಲೇ ಇರಬೇಕು. ಅದು ಅಂಬುಜಮ್ಮನವರ ಕಾನೂನು.

ಗಾಂಧಿಬಜಾರಿನ ಮಹಡಿಯ ಮೇಲಿದ್ದ ಆ ವಧೂವರರ ಮಾಹಿತಿ ಕೇಂದ್ರಕ್ಕೆ ಅಂಬುಜಮ್ಮ ಯಜಮಾನಿ, ಮಧುರಾ ಒಬ್ಬಳೇ ಗುಮಾಸ್ತೆ. ಫ್ಯಾಕ್ಸು, ಜೆರಾಕ್ಸು, ಪ್ರಿಂಟು ಎಲ್ಲವನ್ನೂ ಮಾಡುವ ಈ ಹೊಸ ಮಿಷನ್ನನ್ನು ಮಾರಲು ಬಂದವನು ಒಂದು ಗಂಟೆ ವಿವರಿಸಿದ್ದ. ಅಂಬುಜಮ್ಮನವರ ಕಿವಿಗೆ ಬಿದ್ದದ್ದು ಒಂದೇ ಮಾತು: ಬಂದ ಫ್ಯಾಕ್ಸನ್ನು ಮಿಷನ್ನು ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ, ಗುಪ್ತ ನಂಬರು ಒತ್ತಿದ ಮೇಲಷ್ಟೇ ಪ್ರಿಂಟು ಕೊಡುತ್ತದೆ. "ಅಂದ್ರೆ ರಾಹುಕಾಲದಲ್ಲಿ ಬಂದ ಜಾತಕ ಕಾಗದದ ಮೇಲೆ ಬೀಳಲ್ಲ ಅನ್ನಿ" ಎಂದವರೇ ಚೆಕ್ಕು ಬರೆದುಕೊಟ್ಟಿದ್ದರು. ಅಷ್ಟು ಸಲೀಸಾಗಿ ವ್ಯಾಪಾರ ಕುದುರಿದ್ದನ್ನು ಆ ಮನುಷ್ಯ ಜನ್ಮದಲ್ಲಿ ಕಂಡಿರಲಿಕ್ಕಿಲ್ಲ. ಗುಪ್ತ ನಂಬರು ಅಂಬುಜಮ್ಮನವರಿಗೆ ಮಾತ್ರ ಗೊತ್ತಿತ್ತು.

ಮಧುರಾಳ ಫಜೀತಿ ಇದ್ದದ್ದೇ ಅಲ್ಲಿ. ಈಗ ಬಂದ ಫ್ಯಾಕ್ಸು ಅವಳದು. ಅವಳ ಮದುವೆಯದು.

ದಾವಣಗೆರೆಯ ವಸಿಷ್ಠ ಒಬ್ಬ ಬ್ಯಾಂಕ್ ಕ್ಯಾಷಿಯರ್. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಹೋದ ತಿಂಗಳು ಹೆಸರು ನೋಂದಾಯಿಸಲು ತಾನೇ ಬಂದಿದ್ದ. ಅಂಬುಜಮ್ಮ ಊಟಕ್ಕೆ ಹೋಗಿದ್ದರು. ಫಾರಂ ತುಂಬುತ್ತಾ, ಎಂಥ ಹುಡುಗಿ ಬೇಕು ಎಂದು ಕೇಳಿರುವ ಕಡೆ ಪೆನ್ನು ನಿಲ್ಲಿಸಿ, "ಇಲ್ಲೇನ್ ಬರೀಬೇಕೋ ಗೊತ್ತಾಗ್ತಿಲ್ಲ ಕಣ್ರೀ. ಸಾಯಂಕಾಲ ಮನೇಲಿ ಮಾತಾಡೋಕೆ ಒಬ್ರು ಇದ್ರೆ ಸಾಕು" ಎಂದಿದ್ದ. ಆಮೇಲೆ ಸ್ವಲ್ಪ ತಡವರಿಸಿ, "ನಿಮ್ಮದು ಆಗಿದ್ಯಾ?" ಎಂದು ಕೇಳಿದ್ದ. ಮೂವತ್ತೇಳು ತುಂಬಿದ ಮೇಲೆ ಮಧುರಾಳನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಆಗಿಲ್ಲವೆಂದಾಗ, "ಹಾಗಾದ್ರೆ ನಿಮ್ಮ ವಿವರಾನೂ ನಮ್ಮಕ್ಕನಿಗೆ ಕಳಿಸಿ. ನಮ್ಮನೇಲಿ ಎಲ್ಲಾ ಅವಳೇ ನೋಡೋದು" ಎಂದು ಫ್ಯಾಕ್ಸು ನಂಬರು ಬರೆದುಕೊಟ್ಟು ಹೋದ. ಅವನು ಅವಳಿಗೆ ಹಿಡಿಸಿದ್ದ. ಮುಚ್ಚಿಡುವುದೇನು, ತುಂಬಾ ಹಿಡಿಸಿದ್ದ.

ಒಂದು ಬುಧವಾರ ಮಧ್ಯಾಹ್ನ ಯಜಮಾನಿ ಇಲ್ಲದ ಹೊತ್ತು ನೋಡಿ, ತನ್ನ ವಿವರದ ಹಾಳೆ, ಫೋಟೋದ ಜೆರಾಕ್ಸು, ಜಾತಕ, ಮೂರನ್ನೂ ಆ ಕ್ರಮದಲ್ಲೇ ಮಿಷನ್ನಿಗೆ ಕೊಟ್ಟಿದ್ದಳು. ರಾಹುಕಾಲ ಕಳೆದಿತ್ತು, ಆದರೆ ಆಗ ಬಂದ ಫ್ಯಾಕ್ಸುಗಳೆಲ್ಲ ಇನ್ನೂ ಒಳಗೇ ತುಂಬಿಕೊಂಡಿದ್ದವು. ಕಳಿಸುವ ಹಾಳೆಯೂ ಮೊದಲು ಆ ಮೆಮೊರಿಗೇ ಹೋಗಬೇಕು; ಮೆಮೊರಿ ಫುಲ್ ಎಂದು ಪರದೆ ಏನೋ ತಕರಾರು ತೆಗೆಯಿತು. ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಸಪ್ಪಳ ಕೇಳಿ ಗಾಬರಿಯಲ್ಲಿ ಹಸಿರು ಗುಂಡಿಯನ್ನು ಮತ್ತೆ ಒತ್ತಿದಳು. ಹೋಯಿತು. ಮಿಷನ್ನು ಕೊಟ್ಟ ರಶೀದಿ ಚೀಟಿಯನ್ನು ನೋಡದೆಯೇ ಮಡಚಿ ಪರ್ಸಿಗೆ ತುರುಕಿಕೊಂಡಿದ್ದಳು.

ಹನ್ನೆರಡು ಹೊಡೆದ ಮೇಲೆ ಅಂಬುಜಮ್ಮ ಬಂದರು. ಚಪ್ಪಲಿ ಬಿಟ್ಟು, ಗೋಡೆಯ ದೇವರಿಗೆ ಕೈಮುಗಿದು, ಒಂದು ಕೈ ಅಡ್ಡ ಹಿಡಿದು ನಂಬರು ಒತ್ತಿದರು. ಹಾಳೆಗಳು ಒಂದರ ಮೇಲೊಂದು ಬಂದು ಬಿದ್ದವು. ಮೇಲಿನದು ಯಾವುದೋ ಪರಿಚಯದ ಸಂಬಂಧ, ಓದಿ ಪಕ್ಕಕ್ಕಿಟ್ಟರು. ಎರಡನೆಯದನ್ನು ಕನ್ನಡಕ ಏರಿಸಿಕೊಂಡು ಓದಿದರು. ಮತ್ತೊಮ್ಮೆ ಓದಿದರು.

"ಇದೇನೇ ಮಧುರಾ, ನಿನ್ನ ಹೆಸರಿದೆ?"

ಅಂಬುಜಮ್ಮ ಹಾಳೆಯನ್ನು ಅವಳ ಮುಂದಿಟ್ಟರು. ದುಂಡು ಅಕ್ಷರದಲ್ಲಿ ವಸಿಷ್ಠನ ಅಕ್ಕ ಬರೆದಿದ್ದರು. ಚಿರಂಜೀವಿ ಸೌಭಾಗ್ಯವತಿ ಮಧುರಾಳ ಜಾತಕವನ್ನು ಮನೆಯ ಪುರೋಹಿತರಿಗೆ ತೋರಿಸಿದೆವು. ಕೂಡಿ ಬರಲಿಲ್ಲ. ಅನ್ಯಥಾ ಭಾವಿಸಬಾರದು.

"ನಂಗೊಂದು ಮಾತು ಹೇಳೋದಲ್ವೇನೇ? ನಾನೇ ಫೋನಲ್ಲಿ ಮಾತಾಡ್ತಿದ್ದೆ," ಎಂದರು ಅಂಬುಜಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಹೋಗ್ಲಿ ಬಿಡು. ಜಾತಕ ಕೂಡ್ಲಿಲ್ಲ, ಅಷ್ಟೆ. ಅದಕ್ಕೆ ನೀನೇನ್ ಮಾಡೋಕಾಗುತ್ತೆ? ಇರು, ಕಾಫಿ ಹೇಳಿ ಬರ್ತೀನಿ." ಕೆಳಗಿನ ಹೋಟೆಲಿಗೆ ಕೂಗು ಹಾಕಲು ಅವರು ಬಾಲ್ಕನಿಗೆ ಹೋದರು.

ಮಧುರಾ ಕರವಸ್ತ್ರಕ್ಕೆಂದು ಪರ್ಸು ತೆಗೆದಳು. ಅದರ ಜೊತೆ ಆ ರಶೀದಿ ಚೀಟಿಯೂ ಬಂತು. ಬಿಡಿಸಿ ನೋಡಿದಳು. ದಾವಣಗೆರೆಯ ನಂಬರು, ಬುಧವಾರದ ತಾರೀಖು, ಕಳಿಸಿದ ಪುಟ ಎರಡು.

ಎರಡು. ಮೂರನೆಯದಕ್ಕೆ ಮಿಷನ್ನಿನಲ್ಲಿ ಜಾಗ ಇರಲಿಲ್ಲ. ಮೂರನೆಯದು ಜಾತಕ. ನಕ್ಷತ್ರ, ರಾಶಿ ಎಲ್ಲ ಇದ್ದದ್ದು ಅದರಲ್ಲೇ.

ಹಾಗಾದರೆ ದಾವಣಗೆರೆಯ ಪುರೋಹಿತರು ನೋಡಿದ್ದಾದರೂ ಏನನ್ನು? ಅಲ್ಲಿಗೆ ಹೋಗಿದ್ದು ಅವಳ ವಯಸ್ಸು, ಅವಳ ಮುಖ. ಅವರಿಗೆ ಕೂಡಿ ಬರದಿದ್ದದ್ದೂ ಅವೇ. ವಸಿಷ್ಠ ಆ ಫೋಟೋ ನೋಡಿದನೋ, ಅಕ್ಕ ಒಬ್ಬರೇ ನೋಡಿ ಮುಗಿಸಿದರೋ, ಅದೂ ತಿಳಿಯುವಂತಿಲ್ಲ. ಬೇಡವಾದ ಸಂಬಂಧಕ್ಕೆ ಜಾತಕ ಕೂಡಲಿಲ್ಲ ಎಂದು ಬರೆಯುವುದು ಈ ಆಫೀಸಿನಲ್ಲಿ ನಡೆದುಕೊಂಡು ಬಂದ ಮರ್ಯಾದೆ. ಎಷ್ಟು ಮನೆಗಳಿಗೆ ಅವಳೇ ಆ ಸಾಲು ಟೈಪು ಮಾಡಿ ಕಳಿಸಿದ್ದಳೋ. ಇಷ್ಟು ನೋಯುತ್ತದೆ ಎಂದು ಗೊತ್ತಿರಲಿಲ್ಲ.

"ಇದೀರೇನಮ್ಮಾ?" ಬಾಗಿಲಲ್ಲಿ ವೆಂಕಟಾಚಲ ಮೇಷ್ಟ್ರು ನಿಂತಿದ್ದರು. ಎನ್.ಆರ್. ಕಾಲೋನಿಯವರು, ರಿಟೈರಾದವರು, ಮಗಳು ಆರಾಧನಾಳ ಸಲುವಾಗಿ ವರ್ಷದಿಂದ ಈ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. "ಆ ಜಯನಗರದ ಕಡೆಯೋರು ಇವತ್ತು ತಿಳಿಸ್ತೀವಿ ಅಂದಿದ್ರು."

ಪಕ್ಕಕ್ಕಿಟ್ಟಿದ್ದ ಹಾಳೆ ಅದೇ. ಮಧುರಾ ಓದಿದಳು. ಹುಡುಗಿಯ ಬಣ್ಣ ತೀರಾ ಕಡಿಮೆಯಾಯಿತು, ಹುಡುಗ ಒಪ್ಪುತ್ತಿಲ್ಲ ಎಂದು ಮುಲಾಜಿಲ್ಲದೆ ಬರೆದಿದ್ದರು. ಬಾಲ್ಕನಿಯಿಂದ ಒಳಬಂದ ಅಂಬುಜಮ್ಮ ಮೇಷ್ಟ್ರ ಬೆನ್ನ ಹಿಂದೆ ನಿಂತು, ಎಂದಿನದನ್ನೇ ಹೇಳು ಎಂಬಂತೆ ಕಣ್ಣು ಮಾಡಿದರು.

"ಜಾತಕ ಕೂಡ್ಲಿಲ್ವಂತೆ ಸಾರ್," ಎಂದಳು.

ಬೇರೆಯವರಾಗಿದ್ದರೆ ಅಷ್ಟಕ್ಕೇ ಹೋಗುತ್ತಿದ್ದರು. ಮೇಷ್ಟ್ರು ಕುರ್ಚಿ ಎಳೆದು ಕೂತರು. "ಯಾವುದು ಕೂಡ್ಲಿಲ್ಲ? ಗಣವಾ? ರಾಶಿಯಾ?"

ಮಧುರಾ ಹಾಳೆಯ ಮೇಲೆ ಕೈ ಮುಚ್ಚಿದಳು. "ನಾಡಿ ಸಾರ್. ಇಬ್ಬರದೂ ಒಂದೇ ನಾಡಿಯಂತೆ."

"ಹಾಗೋ." ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಮುಖ ಸಡಿಲವಾಯಿತು. "ನಾಡಿ ಆದ್ರೆ ಯಾರೇನು ಮಾಡೋಕಾಗುತ್ತೆ. ಆ ಮಗು ನಾನು ಕಪ್ಪಗಿದೀನಿ, ಅದಕ್ಕೇ ಎಲ್ಲಾ ತಪ್ಪಿ ಹೋಗುತ್ತೆ ಅಂತ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲಮ್ಮ. ನಾನು ಹೇಳಿದ್ರೆ ನಂಬಲ್ಲ. ನೀವೊಂದು ಚೀಟೀಲಿ ನಾಡಿ ದೋಷ ಅಂತ ಬರ್ಕೊಡ್ತೀರಾ?"

ಮಧುರಾ ಬರೆದಳು. ಆಫೀಸಿನ ಮೊಹರನ್ನೂ ಒತ್ತಿ ಕೊಟ್ಟಳು. ಮೇಷ್ಟ್ರು ಅದನ್ನು ಜೇಬಿಗಿಟ್ಟುಕೊಂಡು, ಬಹಳ ಉಪಕಾರವಾಯಿತು ಎಂದು ಇಬ್ಬರಿಗೂ ಹೇಳಿ, ಗೋಡೆ ಹಿಡಿದು ಮೆಟ್ಟಿಲಿಳಿದರು.

ಕಾಫಿ ಬಂತು. ಅಂಬುಜಮ್ಮ ಸ್ಟೂಲು ಎಳೆದುಕೊಂಡು ಅವಳ ಎದುರಿಗೇ ಕೂತರು. ಹಾಗೆ ಎಂದೂ ಕೂತವರಲ್ಲ. ಅವಳ ಮುಖ ನೋಡಲಾಗದೆ ಲೋಟವನ್ನೇ ನೋಡುತ್ತಾ, "ಅವರು ಬರೆದಿಲ್ಲ, ಆದ್ರೂ ನಿಂಗೇನಾದ್ರೂ ಗೊತ್ತೇನೇ? ನಿಂದು ಯಾವುದು ಕೂಡ್ಲಿಲ್ವಂತೆ?" ಎಂದು ಕೇಳಿದರು.

ರಶೀದಿ ಚೀಟಿ ಮಧುರಾಳ ಮುಷ್ಟಿಯೊಳಗೇ ಇತ್ತು.

"ನಾಡಿ, ಮೇಡಂ," ಎಂದಳು.

ಅಂಬುಜಮ್ಮ ಲೊಚಗುಟ್ಟಿ, ತಮ್ಮ ಲೋಟದ ಕಾಫಿಯಲ್ಲಿ ಅರ್ಧವನ್ನು ಅವಳ ಲೋಟಕ್ಕೆ ಬಗ್ಗಿಸಿದರು.