ಎರಡನೇ ಬ್ರೇಕು

ಅಕ್ಕನ ಕಾಲು ಮುರಿದವನಿಗೆ ತಂಗಿ ಕಾರು ಕಲಿಸುತ್ತಿದ್ದಳು. ಇದನ್ನು ಕೇಳಿದವರು ಒಂದು ಗಳಿಗೆ ಅವಳ ಮುಖ ನೋಡಿ, ಆಮೇಲೆ ಬೇರೆ ಮಾತು ತೆಗೆಯುತ್ತಿದ್ದರು. ಅವರನ್ನು ದೂರಿ ಪ್ರಯೋಜನವಿಲ್ಲ. ಇದರ ತಲೆಬುಡ ಅವಳಿಗೇ ಅರ್ಥವಾಗಿರಲಿಲ್ಲ.

ಹದಿನಾರು ವರ್ಷದಿಂದ ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದಳು. ಆ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಅದನ್ನು ಒತ್ತಿದರೆ ಕಲಿಯುವವರ ಪೆಡಲೂ ತಾನಾಗಿ ಕೆಳಗಿಳಿಯುತ್ತದೆ. ಆ ಎರಡನೇ ಬ್ರೇಕು ಅವಳ ಮೈಗೆ ಎಷ್ಟು ಹತ್ತಿಹೋಗಿತ್ತೆಂದರೆ, ಬಸ್ಸು ಜೋರಾಗಿ ತಿರುಗಿದರೂ, ಒಲೆಯ ಮೇಲೆ ಹಾಲು ಉಕ್ಕಿದರೂ ಬಲಗಾಲು ನೆಲವನ್ನು ಒತ್ತುತ್ತಿತ್ತು. ಒಲೆಗೆ ಬ್ರೇಕ್ ಇರುವುದಿಲ್ಲ ಮಾರಾಯ್ತಿ, ಆರಿಸಬೇಕು ಎಂದು ಅಕ್ಕ ಗೇಲಿ ಮಾಡುತ್ತಿದ್ದಳು.

ಹೋದ ವರ್ಷ ಒಂದು ಬೆಳಗ್ಗೆ ರಸ್ತೆ ದಾಟುತ್ತಿದ್ದ ಅಕ್ಕನಿಗೆ ಬ್ರೆಡ್ ಹಂಚುವ ವ್ಯಾನು ಗುದ್ದಿತು. ಓಡಿಸುತ್ತಿದ್ದವನು ಇಳಿದೂ ನೋಡದೆ ಪರಾರಿಯಾದ. ಮೂರನೇ ದಿನ ತಾನೇ ಠಾಣೆಗೆ ಬಂದು ಒಪ್ಪಿಕೊಂಡ. ಅಷ್ಟರಲ್ಲಿ ಅಕ್ಕನ ತೊಡೆಗೆ ಎರಡು ಸಲ ಆಪರೇಷನ್ ಆಗಿತ್ತು.

ಶಿಕ್ಷೆ ಹೇಳುವ ಮುಂಚೆ ನೀವೂ ಅವನೂ ಎದುರುಬದುರು ಕೂತು ಮಾತಾಡುತ್ತೀರಾ, ಆದ ಗಾಯಕ್ಕೆ ಅವನಿಂದ ಏನಾಗಬೇಕೋ ನೀವೇ ಹೇಳುತ್ತೀರಾ ಎಂದು ಕೋರ್ಟಿನವರು ಕೇಳಿದರು. ಅಕ್ಕ ಹೂಂ ಅಂದುಬಿಟ್ಟಳು. ಕೋರ್ಟಿನ ಹಿಂಭಾಗದ ಕೋಣೆಯೊಂದರಲ್ಲಿ ನಾಲ್ಕು ಕುರ್ಚಿ ಹಾಕಿದ್ದರು, ಮೇಜು ಇರಲಿಲ್ಲ. ತಂಗಿ ವಾರವಿಡೀ ಬೈಗುಳಗಳನ್ನು ಜೋಡಿಸಿಕೊಂಡು ಹೋಗಿದ್ದಳು. ಮೇಜಿಲ್ಲದ ಕೋಣೆಯಲ್ಲಿ ಕೈ ಎಲ್ಲಿಡಬೇಕೆಂದು ತಿಳಿಯದೆ ಅರ್ಧ ಮರೆತಳು. ಉಳಿದರ್ಧವನ್ನು ಅವನು ಮರೆಸಿದ. ನಲವತ್ತು ದಾಟಿದ, ಕಿವಿಯ ಬಳಿ ನರೆತ ಮನುಷ್ಯ. ಗುದ್ದಿದ ಶಬ್ದ ಕೇಳಿಸಿತು, ಮನುಷ್ಯರಿಗೇ ಗುದ್ದಿದೆ ಎಂದೂ ಗೊತ್ತಾಯಿತು, ಹೆದರಿ ಓಡಿದೆ ಎಂದ. ಒಂದು ನೆಪವನ್ನಾದರೂ ಹೇಳಿದ್ದರೆ ತಂಗಿಗೆ ಎಷ್ಟೋ ಸುಲಭವಾಗುತ್ತಿತ್ತು.

ನಿಮಗೇನು ಬೇಕು ಎಂದು ಮಾತುಕತೆ ನಡೆಸಿಕೊಡುತ್ತಿದ್ದ ಹೆಂಗಸು ಅಕ್ಕನನ್ನು ಕೇಳಿದಳು.

"ವಾರಕ್ಕೆರಡು ಸಲ ಆಸ್ಪತ್ರೆಗೆ ವ್ಯಾಯಾಮಕ್ಕೆ ಹೋಗ್ಬೇಕು. ಯಾವ ಗಾಡಿ ಹತ್ತಿದ್ರೂ ಎದೆ ಡವಡವ ಅನ್ನುತ್ತೆ," ಎಂದಳು ಅಕ್ಕ. "ಇವ್ರೇ ಕರ್ಕೊಂಡು ಹೋಗ್ಲಿ. ನಾನು ಹಿಂದೆ ಕೂತಿದ್ರೆ ಇವ್ರಷ್ಟು ಹುಷಾರಾಗಿ ಇನ್ಯಾರೂ ಓಡಿಸಲ್ಲ."

ತಂಗಿಯ ಬಲಗಾಲು ನೆಲ ಒತ್ತಿತು.

ಆದರೆ ಅವನ ಲೈಸೆನ್ಸ್ ರದ್ದಾಗಿತ್ತು. ಮೊದಲಿನಿಂದ ಕಲಿಯಬೇಕು, ಪಕ್ಕದಲ್ಲಿ ಕಲಿಸುವವರು ಇರಬೇಕು. ಎಲ್ಲರ ಕಣ್ಣೂ ತಂಗಿಯ ಮೇಲೆ ಬಿದ್ದವು. ಮೂರು ತಿಂಗಳು ಸ್ಕೂಲಿನ ಕಾರಿನಲ್ಲೇ ಅಕ್ಕನ ಆಸ್ಪತ್ರೆ ಓಡಾಟ, ಅವಳು ಅವನ ಪಕ್ಕ ಕೂರುವುದು, ಕೊನೆಗೆ ಇವನ ಕೈಗೆ ಗಾಡಿ ಕೊಡಬಹುದೇ ಇಲ್ಲವೇ ಎಂದು ಬರೆದುಕೊಡುವುದು ಎಂದಾಯಿತು. ಕೊಡಬಹುದು ಎಂದರೆ ಜೈಲಿಲ್ಲ, ಕೂಡದು ಎಂದರೆ ಜೈಲು. ತಾನು ಯಾವಾಗ ತಲೆಯಾಡಿಸಿದೆನೆಂದು ಅವಳಿಗೆ ಇಂದಿಗೂ ನೆನಪಿಲ್ಲ.

ಅವನು ತಪ್ಪನ್ನೇ ಮಾಡುತ್ತಿರಲಿಲ್ಲ, ಅದೇ ದೊಡ್ಡ ತಲೆನೋವು. ಹಸಿರು ದೀಪವಿದ್ದರೂ ಎರಡೂ ಕಡೆ ನೋಡುವನು. ಅಕ್ಕ ಇಳಿಯುವಾಗ ಓಡಿಬಂದು, ಮೈ ಮುಟ್ಟದೆ ಊರುಗೋಲನ್ನು ಮಾತ್ರ ಚಾಚುವನು. ಅಕ್ಕನೋ ಹಿಂದಿನ ಸೀಟಿನಲ್ಲಿ ಕೂತು ಅವನ ಮಂಡಿನೋವು, ಅವನ ಹೆಂಡತಿಯ ಹೊಲಿಗೆ ಮೆಷಿನ್ನು ಎಲ್ಲ ವಿಚಾರಿಸುತ್ತ, ಒಮ್ಮೊಮ್ಮೆ ನಕ್ಕುಬಿಡುತ್ತಿದ್ದಳು. ತಂಗಿಯ ಹೊಟ್ಟೆ ಉರಿಯುತ್ತಿತ್ತು. ಇವನು ಒಳ್ಳೆಯವನೋ ನಾಟಕದವನೋ? ಒಳ್ಳೆಯವನಾದರೆ ಓಡಿಹೋದವನು ಯಾರು? ಬೆಳಗ್ಗೆ 'ಕೂಡದು' ಎಂದು ತೀರ್ಮಾನಿಸಿದರೆ ಮಧ್ಯಾಹ್ನಕ್ಕೆ ನಾಚಿಕೆಯಾಗುತ್ತಿತ್ತು, 'ಕೊಡಬಹುದು' ಎಂದುಕೊಂಡರೆ ಸಿಟ್ಟು ಬರುತ್ತಿತ್ತು. ಅಕ್ಕನಿಗಿಲ್ಲದ ಸಿಟ್ಟನ್ನು ತಾನು ಯಾರ ಪರವಾಗಿ ಹೊತ್ತು ತಿರುಗುತ್ತಿದ್ದೇನೆ ಎಂಬುದೂ ತಿಳಿಯದಾಗಿತ್ತು.

ಕೊನೆಯ ದಿನ ಬಂತು. ಬರೆದುಕೊಡಬೇಕಾದ ಫಾರ್ಮು ಅವಳ ಚೀಲದಲ್ಲಿತ್ತು. ಆಸ್ಪತ್ರೆಗೆ ಇನ್ನೊಂದೇ ತಿರುವು ಇತ್ತು. ನಿಂತಿದ್ದ ಲಾರಿಯ ಮರೆಯಿಂದ ಒಬ್ಬ ಮುದುಕ ಕೈಯಲ್ಲಿದ್ದ ಔಷಧಿ ಚೀಟಿ ಓದುತ್ತ ರಸ್ತೆಗಿಳಿದ. ಅವನು ಇಳಿಯುವ ಮೊದಲೇ ತಂಗಿ ಅವನನ್ನು ಕಂಡಿದ್ದಳು. ಹದಿನಾರು ವರ್ಷ ಪಳಗಿದ ಕಣ್ಣು. ಕಾಲು ಬ್ರೇಕಿನ ಮೇಲೇ ಇತ್ತು. ಕಾಲನ್ನು ಎತ್ತಿ ಹಿಂದಕ್ಕೆಳೆದುಕೊಂಡಳು.

ಕಾರು ಗಕ್ಕನೆ ನಿಂತಿತು. ಮುದುಕ ಚೀಟಿಯಿಂದ ತಲೆಯೆತ್ತದೆ ದಾಟಿಹೋದ.

ಯಾರು ಬ್ರೇಕ್ ಹಾಕಿದ್ದು ಎಂದು ಅಕ್ಕ ಹಿಂದಿನಿಂದ ಕೇಳಿದಳು. ಅವನು ಸ್ಟೇರಿಂಗ್ ಬಿಟ್ಟಿರಲಿಲ್ಲ, ಕಣ್ಣಲ್ಲಿ ನೀರು ತುಂಬಿತ್ತು.

"ಇಷ್ಟು ದಿನ ನಿಮ್ಮ ಕಾಲು ನನ್ನ ಪೆಡಲಲ್ಲಿ ಗೊತ್ತಾಗ್ತಿತ್ತು ಮೇಡಂ. ಇವತ್ತು ಇರ್ಲಿಲ್ಲ. ನೀವು ನನ್ನ ನಂಬಿದ್ರಿ."

ಅವಳು ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಎಲ್ಲರಿಗೂ ಚೆನ್ನಾಗಿರುತ್ತಿತ್ತು.

"ನಂಬಿ ಅಲ್ಲ," ಎಂದಳು. "ನೀವು ಗುದ್ದಲಿ ಅಂತ ತೆಗ್ದೆ."

ಅಕ್ಕ ಹಿಂದೆ ಕೂತಿದ್ದಾಳೆ, ಆ ಮುದುಕ ತನಗೇನು ಮಾಡಿದ್ದ? ನಿಜವಾಗಿ ಹಾಗೆ ಬಯಸಿದ್ದೆನೇ, ಬರೀ ಒಂದು ಕ್ಷಣವೇ, ಒಂದು ಕ್ಷಣವಾದರೆ ಅದು ಲೆಕ್ಕಕ್ಕಿಲ್ಲವೇ? ಏನೊಂದೂ ತಿಳಿಯಲಿಲ್ಲ. ಹಿಂದಿನ ಗಾಡಿಗಳು ಹಾರ್ನ್ ಬಾರಿಸತೊಡಗಿದವು. ಅವನು ತೋಳಿನಿಂದ ಮುಖ ಒರೆಸಿಕೊಂಡ, ಅವಳ ಕಡೆ ನೋಡಲಿಲ್ಲ.

"ಹಾಗಾದ್ರೆ ಈಗ ಕಾಲು ಇಡಿ ಮೇಡಂ," ಎಂದ. "ನಂಗೆ ಕೈ ನಡುಗ್ತಿದೆ."

ಅವಳು ಕಾಲಿಟ್ಟಳು. ಕಾರು ಮೆಲ್ಲಗೆ ತಿರುವು ದಾಟಿ ಆಸ್ಪತ್ರೆಯ ಬಾಗಿಲಿಗೆ ಬಂತು. ಅವನು ಎಂದಿನಂತೆ ಇಳಿದು ಊರುಗೋಲು ಚಾಚಿದ.

ಅಕ್ಕ ಒಳಗೆ ವ್ಯಾಯಾಮ ಮಾಡುತ್ತಿದ್ದಾಗ ತಂಗಿ ಹೊರಗಿನ ಬೆಂಚಿನಲ್ಲಿ ಕೂತು ಫಾರ್ಮ್ ತೆಗೆದಳು. 'ಕೊಡಬಹುದು' ಎಂದು ಬರೆದು ಸಹಿ ಹಾಕಿದಳು. ಅದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಸಹಿಯ ಕೆಳಗೆ, ಕಲಿಸಿದವರು ಏನಾದರೂ ಹೇಳುವುದಿದ್ದರೆ ಎಂದು ಬಿಟ್ಟ ನಾಲ್ಕು ಗೆರೆ ಇನ್ನೂ ಖಾಲಿ ಇದ್ದವು. ಅವುಗಳ ಮೇಲೆ ಪೆನ್ನು ಹಿಡಿದು ಕೂತೇ ಇದ್ದಳು. ಬೆಂಚಿನ ಆ ತುದಿಯಲ್ಲಿ ಅವನು ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ.

ಅಕ್ಕ ಕುಂಟುತ್ತ ಹೊರಬಂದು, ಇನ್ನೂ ಬರೆದಾಗಲಿಲ್ಲವೇ ಎಂದು ಕೇಳಿದಳು.

"ಅವ್ರದ್ದು ಆಯ್ತು," ಎಂದಳು ತಂಗಿ.