ಪುಕ್ಕವಿಲ್ಲದ ಆರು ರಜಾಯಿ

ಬಾತುಕೋಳಿಯ ಪುಕ್ಕ ತುಂಬಿದ ರಜಾಯಿ ಒಂದಕ್ಕೆ ಒಂಬತ್ತು ಸಾವಿರ. ಉಣ್ಣೆಯದಕ್ಕೆ ಆರು. ಪಾಲಿಯೆಸ್ಟರ್ ಎಳೆ ತುಂಬಿದ್ದಕ್ಕೆ ಎರಡು ಸಾವಿರದ ಇನ್ನೂರು. ಉಣ್ಣೆಯದನ್ನು ಮನೆಯಲ್ಲಿ ಒಗೆಯಲಾಗದು, ಪ್ರತಿ ಸಲ ಡ್ರೈಕ್ಲೀನಿಂಗ್‌ನವನಿಗೆ ದಂಡ ಬೇರೆ. ಮೂರು ಕೋಣೆ, ಕೋಣೆಗೆರಡು ಮಂಚ, ಒಟ್ಟು ಆರು ಬೇಕು. ಲಾಡ್ಜಿನ ಸೊಸೆ ಇಷ್ಟನ್ನೂ ಬಸ್ಸಿನಲ್ಲೇ ಲೆಕ್ಕ ಹಾಕಿ, ಅಂಗಡಿಯ ಮೆಟ್ಟಿಲು ಹತ್ತುವ ಹೊತ್ತಿಗೆ ಪಾಲಿಯೆಸ್ಟರಿನದೇ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಎದುರು ರಸ್ತೆಯ ಎದೆರೋಗದ ಆಸ್ಪತ್ರೆಯವರು ತಮ್ಮ ಹೊರಊರಿನ ರೋಗಿಗಳಿಗೆಂದು ಆ ಮೂರು ಕೋಣೆಗಳನ್ನು ವರ್ಷವಿಡೀ ಹಿಡಿಯಲು ಸಿದ್ಧರಿದ್ದರು. ಷರತ್ತು ಒಂದೇ: ಉಬ್ಬಸದವರಿಗೆ ಆಗದ ಪುಕ್ಕ ಹಾಸಿಗೆಯಲ್ಲಿ ಇರಕೂಡದು. ಶುಕ್ರವಾರ ಹನ್ನೊಂದಕ್ಕೆ ಹೆಡ್ ನರ್ಸ್ ಬಂದು ನೋಡುತ್ತಾರೆ. ಲಾಡ್ಜಿನ ಹಳೆಯ ರಜಾಯಿಗಳೋ, ಮುಚ್ಚಿಹೋದ ಹೋಟೆಲೊಂದರಿಂದ ತಂದ ಪುಕ್ಕದವು. ಹೊದ್ದು ಮಲಗಿದವನು ಬೆಳಿಗ್ಗೆ ಅರ್ಧ ಕೋಳಿಯಾಗಿ ಎದ್ದು ಬರುತ್ತಿದ್ದ. ಆಸ್ಪತ್ರೆಯವರು ಕೈಬಿಟ್ಟರೆ ಲಾಡ್ಜಿಗೆ ಬೀಗ ಹಾಕುವುದೇ ಎಂದು ಗಂಡ ಹೇಳಿಬಿಟ್ಟಿದ್ದ. ಹೇಳುವುದರಲ್ಲಿ ಅವನು ಶೂರ.

ಅಂಗಡಿಯಲ್ಲಿ ಅವಳು ಲೇಬಲ್ಲನ್ನು ಎರಡು ಸಲ ಓದಿದಳು. ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟು, ಎಷ್ಟು ಬೇಗ ಉಬ್ಬುತ್ತದೆಂದು ನೋಡಿದಳು. ಚೌಕ ಚೌಕವಾಗಿ ಹೊಲಿದದ್ದನ್ನೇ ಆರಿಸಿದಳು. ಉದ್ದ ಗೆರೆಯ ಹೊಲಿಗೆಯಾದರೆ ಎಳೆಯೆಲ್ಲ ಕಾಲ ಬುಡಕ್ಕೆ ಜಾರಿ ಕೂರುತ್ತದೆ. ಕೊನೆಗೆ ಮೂಗಿಟ್ಟು ಮೂಸಿದಳು.

“ಏನಕ್ಕಾ, ತಿನ್ನೋಕೆ ತಗೋತಿದ್ದೀರಾ?” ಎಂದ ಅಂಗಡಿಯವನು.

“ಆರು ತಗೋತಿದ್ದೀನಿ, ಬೇಕಾದ್ರೆ ನಿನ್ನನ್ನೂ ಮೂಸ್ತೀನಿ. ಇದನ್ನ ತುರುಕಿದ್ಮೇಲೆ ಒಗೆಯೋ ಮಷೀನಲ್ಲಿ ಒಂದು ಗೇಣು ಜಾಗ ಉಳಿಯುತ್ತಾ, ಅದನ್ನ ಹೇಳು.”

ಮನೆಗೆ ತಂದು, ಹೊಸ ವಾಸನೆ ಹೋಗಲೆಂದು ಒಂದೊಂದನ್ನೇ ಒಗೆದಳು. ತಣ್ಣೀರು, ಒಂದು ಚಮಚ ಸೋಪು, ಒಣಗಿಸುವ ಮಷೀನಿಗೆ ಕಡಿಮೆ ಬಿಸಿ, ಗಂಟು ಕಟ್ಟದಿರಲು ಜೊತೆಗೆರಡು ಟೆನಿಸ್ ಚೆಂಡು. ಐದು ಮುಗಿದವು. ಆರನೆಯದನ್ನು ತಾನೇ ಒಣಗಿಸುತ್ತೇನೆಂದು ಹೋದ ಗಂಡ, ಚೆಂಡು ಹಾಕದೆ, ಬೇಗ ಆಗಲೆಂದು ಬಿಸಿಯನ್ನು ತುತ್ತತುದಿಗೆ ತಿರುಗಿಸಿದ. ಹೊರಗೆ ಬಂದದ್ದು ಆಲೂಗಡ್ಡೆ ಮೂಟೆ.

ಅದು ಮಾವನ ಕಣ್ಣಿಗೆ ಬಿತ್ತು. ಮಾವ ನಲವತ್ತು ವರ್ಷ ಹತ್ತಿ ಹಿಂಜಿ ಹಾಸಿಗೆ ಹೊಲಿದವರು. ಅವರ ಪ್ರಕಾರ ಹಾಸಿಗೆಯೊಳಗೆ ಇರುವುದು ಎರಡೇ: ಒಂದೋ ಹತ್ತಿ, ಇಲ್ಲವೇ ಮೋಸ. ಶುಕ್ರವಾರ ಬೆಳಿಗ್ಗೆ ಸೊಸೆ ಕೋಣೆ ಒರೆಸುತ್ತಿದ್ದಾಗ ಅವರು ಹಜಾರದಲ್ಲಿ ಕೂತು, ಆ ರಜಾಯಿಯ ಹೊಲಿಗೆ ಬಿಚ್ಚಿ, ಗಂಟುಗಳನ್ನು ಹರವಿ ಬೆತ್ತದಿಂದ ಬಡಿಯತೊಡಗಿದರು. ಹತ್ತಿಯಾಗಿದ್ದರೆ ಹದವಾಗಿ ಅರಳುತ್ತಿತ್ತು. ಇದು ಎದ್ದು ಹಾರಿತು. ಹುಬ್ಬು, ಮೀಸೆ, ಪರದೆ, ಫ್ಯಾನು ಎಲ್ಲಕ್ಕೂ ಅಂಟಿತು. ಕೊಡವಿದಷ್ಟೂ ಪ್ರೀತಿಯಿಂದ ಮತ್ತೆ ಬಂದು ಅಂಟಿತು.

“ಮಾವಾ! ಏನ್ ಮಾಡ್ಬಿಟ್ರಿ?”

“ಹಿಂಜ್ತಿದ್ದೀನಿ. ನಿಮ್ಮ ಮಷೀನಿಗೆ ಬುದ್ಧಿ ಇಲ್ಲ.”

“ಅದು ಹತ್ತಿ ಅಲ್ಲ ಮಾವ, ಪ್ಲಾಸ್ಟಿಕ್ಕು!”

“ಪ್ಲಾಸ್ಟಿಕ್ ಹೊದ್ಕೊಳ್ಳೋಕೆ ಮನುಷ್ಯರೇನು ಬಕೆಟ್ಟಾ?”

ಅಷ್ಟರಲ್ಲಿ ಬಾಗಿಲಲ್ಲಿ ಹೆಡ್ ನರ್ಸ್. ಹತ್ತು ನಿಮಿಷ ಮೊದಲೇ ಬಂದಿದ್ದರು. ಬಿಳಿ ಎಳೆಯೊಂದು ತೇಲುತ್ತ ಹೋಗಿ ಅವರ ಕನ್ನಡಕದ ಮೇಲೆ ಕೂತಿತು.

“ಪುಕ್ಕ ಇಲ್ಲ ಅಂದಿದ್ರಿ.”

“ಇದು ಪುಕ್ಕ ಅಲ್ಲ ಮೇಡಂ. ಬೇಕಾದ್ರೆ ಲೇಬಲ್ ನೋಡಿ.”

“ಲೇಬಲ್ ಹೊಲಿಯೋಕೆ ಯಾರಿಗ್ರೀ ಬರಲ್ಲ?” ಎಂದು ನರ್ಸ್ ಚೀಲವನ್ನು ಹೆಗಲಿಗೇರಿಸಿಕೊಂಡರು.

ಮಾವನಿಗೆ ಮೈಯೆಲ್ಲ ಉರಿಯಿತು. ಹಾಸಿಗೆಯ ವಿಷಯದಲ್ಲಿ ತಮ್ಮೆದುರು ಇನ್ನೊಬ್ಬರು ತಪ್ಪು ಮಾತಾಡಿದ್ದನ್ನು ಅವರು ಎಂದೂ ಸಹಿಸಿದವರಲ್ಲ.

“ಪುಕ್ಕವಾ? ಇದಾ? ನಿಲ್ಲಿ ತಾಯಿ. ಪುಕ್ಕಕ್ಕೂ ಒಂದು ಮರ್ಯಾದೆ ಇದೆ!”

ಮೂಲೆಯಲ್ಲಿ ಕಟ್ಟಿಟ್ಟಿದ್ದ ಹಳೆಯ ರಜಾಯಿಯಿಂದ ಒಂದು ಪುಕ್ಕ ಕಿತ್ತರು. ಮೀಸೆಯಿಂದ ಒಂದು ಚಿಟಿಕೆ ಹೊಸ ಎಳೆ ತೆಗೆದರು. ಎರಡನ್ನೂ ಸ್ಟೀಲ್ ತಟ್ಟೆಯಲ್ಲಿಟ್ಟು, ಕಿಟಕಿ ತೆರೆದು, ಕಡ್ಡಿ ಗೀರಿದರು. ಪುಕ್ಕ ಸುಟ್ಟ ಕೂದಲಿನ ನಾತ ಬೀರುತ್ತ ಬೂದಿಯಾಯಿತು. ಎಳೆ ಮುದುಡಿ, ಕರಗಿ, ಗಟ್ಟಿ ಮಣಿಯಾಗಿ ತಟ್ಟೆಗೆ ಕಚ್ಚಿಕೊಂಡಿತು.

“ನೋಡಿ! ಯಾವ ಬಾತುಕೋಳಿಯ ಹಿಂಭಾಗವನ್ನೂ ಇದು ಕಂಡಿಲ್ಲ. ಇಂಥ ದರಿದ್ರ ಮಾಲು ನನ್ನ ಜನ್ಮದಲ್ಲಿ ಮುಟ್ಟಿಲ್ಲ. ನಮ್ಮ ಸೊಸೆ ಆರಿಸಿ ಆರಿಸಿ ತಂದಿದ್ದಾಳೆ!”

ನರ್ಸ್ ಮಣಿಯನ್ನು ಉಗುರಿನಿಂದ ಕೆರೆದು ನೋಡಿದರು. ಉಳಿದ ಐದಕ್ಕೂ ಮೂಲೆಯಲ್ಲಿ ಕತ್ತರಿ ಹಾಕಿಸಿದರು. ಮಾವ ಒಂದೊಂದನ್ನೂ ಸುಟ್ಟರು, ಒಂದೊಂದಕ್ಕೂ ಹೊಸ ಬೈಗುಳ ಹುಡುಕಿದರು.

“ಸಾಕು ತಾತ,” ಎಂದರು ನರ್ಸ್, ನಗು ತಡೆದುಕೊಳ್ಳುತ್ತ. “ಮೋಸದ ಬುದ್ಧಿ ಇರೋರು ಯಾರೂ ತಮ್ಮ ಮನೆ ಮಾಲನ್ನ ಹೀಗೆ ಬೈಯಲ್ಲ. ಹಜಾರನ ಮೂರು ಸಲ ಒದ್ದೆ ಬಟ್ಟೇಲಿ ಒರೆಸ್ಬಿಡಮ್ಮ. ಸೋಮವಾರ ರೋಗಿಗಳನ್ನ ಕಳಿಸ್ತೀನಿ.”

ಮೂರು ಕೋಣೆಗಳೂ ವರ್ಷಕ್ಕೆ ಗಟ್ಟಿಯಾದವು, ಲಾಡ್ಜು ಉಳಿಯಿತು. ಆರು ರಜಾಯಿಗಳಲ್ಲಿ ಒಂದು ಹಾಳಾಯಿತು.